ಕೆನ್ನೆಯ ನೋವಿಗೆ ಹಲ್ಲು ಕೊಟ್ಟೆ

ನೋವು ಎಲ್ಲಿದೆಯೋ ರೋಗವೂ ಅಲ್ಲೇ ಇರುತ್ತದೆ ಅಂತ ಎಪ್ಪತ್ತು ವರ್ಷ ನಂಬಿಕೊಂಡು ಬಂದವಳು ನಾನು. ಅಂಗಾಲಿಗೆ ಮುಳ್ಳು ಚುಚ್ಚಿದರೆ ಯಾರಾದರೂ ಮೊಣಕಾಲು ಕೆದಕುತ್ತಾರೆಯೇ? ಓದಿದ್ದು ಮೂರನೇ ಕ್ಲಾಸಾದರೂ ಇಷ್ಟು ಗೊತ್ತು. ಬಲಗಡೆ ಕೆಳಗಿನ ದವಡೆ ಹಲ್ಲು ನೋಯುತ್ತೆ ಅಂತ ಹುಣಸೂರಿಗೆ ಹೋದರೆ, ಹಲ್ಲಿನ ಡಾಕ್ಟರಮ್ಮ ಹಲ್ಲನ್ನು ತಟ್ಟಿ ನೋಡಿ, ಅದನ್ನು ಬಿಟ್ಟು ನನ್ನ ಕೆನ್ನೆಯನ್ನು ಹೆಬ್ಬೆರಳಲ್ಲಿ ಅಮುಕಿದಳು. ನಾನು ಕಿರುಚಿದ್ದಕ್ಕೆ ಹೊರಗೆ ಕೂತಿದ್ದವರಲ್ಲಿ ಇಬ್ಬರು ಎದ್ದು ಮನೆಗೆ ಹೋದರಂತೆ.

"ಅಜ್ಜಿ, ಹಲ್ಲು ಗಟ್ಟಿಯಾಗಿದೆ. ನೋವಿರೋದು ಅಗಿಯೋ ಸ್ನಾಯುವಲ್ಲಿ. ಅದಕ್ಕೂ ಕೆಳಗಿನ ಹಲ್ಲಿಗೂ ಒಂದೇ ನರದ ಕವಲು ಹೋಗುತ್ತೆ. ಅದಕ್ಕೇ ಸ್ನಾಯು ನೊಂದರೆ ಹಲ್ಲು ನೊಂದಹಾಗೆ ಅನ್ಸುತ್ತೆ" ಅಂದಳು. ನಮ್ಮ ಕಟ್ಟೆಮಳಲವಾಡಿಯಲ್ಲೂ ಒಂದೇ ತೂಬಿನಿಂದ ಎರಡು ಗದ್ದೆಗೆ ನೀರು ಹೋಗುತ್ತದೆ. ಪಕ್ಕದವನ ಗದ್ದೆ ಒಣಗಿತು ಅಂತ ನನ್ನ ಪೈರು ಅತ್ತಿದ್ದು ನಾನು ಕಂಡಿಲ್ಲ. ಹಾಗೇ ಹೇಳಿದೆ. "ಜಾಸ್ತಿ ಅಗೀತೀರಾ?" ಅಂದಳು. "ನಾವೆಲ್ಲಿ ಅಗಿಯೋದು ಕಣವ್ವ, ಮುದ್ದೆ ನುಂಗೋ ಜನ." ಪಕ್ಕದಲ್ಲಿದ್ದ ಸೊಸೆ ಸಾವಿತ್ರಿ ಸುಮ್ಮನಿರಬೇಕಲ್ಲ! "ಬೆಳಗ್ಗಿಂದ ಬೈಗಿನ ಗಂಟ ಎಲೆಅಡಿಕೆ ಅಗೀತರೆ ಕಣ್ರೀ. ಈಗ್ಲೂ ನಿಮ್ಮ ಬಾಗ್ಲಲ್ಲೇ ಉಗುದು ಬಂದವ್ರೆ" ಅಂದುಬಿಟ್ಟಳು. ಎಲೆಅಡಿಕೆಯನ್ನು ಅಗಿಯೋದು ಅಂತ ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಅದು ಊಟವೇ ಅಲ್ಲ.

ಡಾಕ್ಟರಮ್ಮ ಒಂದು ತಿಂಗಳು ಎಲೆಅಡಿಕೆ ಬಿಡಿ, ಕೆನ್ನೆಗೆ ಬಿಸಿ ಬಟ್ಟೆ ಇಡಿ ಅಂದಳು. ಕೀಳು ಅಂದರೆ ಕೀಳಲಿಲ್ಲ. ಎಡಗಡೆ ಎಂದೋ ಬೋಳು. ಅರೆಯೋಕೆ ಉಳಿದಿರೋದು ಇದೊಂದೇ ಹಲ್ಲು, ಕಳಕೋಬೇಡಿ ಅಂತ ಕೈ ಮುಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೇ ದಿನವೇ ಕೆ.ಆರ್. ನಗರದ ಬಸ್ಸು ಹತ್ತಿ, ಇನ್ನೊಬ್ಬರ ಹತ್ತಿರ ಹಟ ಹಿಡಿದು ಕೂತು, ಕೀಳಿಸಿಕೊಂಡೇ ಬಂದೆ.

ಗಾಯ ಮಾಗಿತು. ನೋವು ಮಾತ್ರ ಹಲ್ಲಿಲ್ಲದ ಜಾಗದಲ್ಲೇ, ಮನೆ ಬಿದ್ದರೂ ಏಳದ ನೆಂಟನ ಹಾಗೆ ಕೂತಿತ್ತು. ಮತ್ತೆ ಹುಣಸೂರಿಗೆ ಹೋದೆ. ಡಾಕ್ಟರಮ್ಮ ಬಾಯೊಳಗೆ ಟಾರ್ಚು ಬಿಟ್ಟು ನೋಡಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅದೇ ಕೆನ್ನೆ ಅಮುಕಿದಳು, ನಾನು ಅದೇ ಕಿರುಚು ಕಿರುಚಿದೆ.

ಬಿಸಿ ಬಟ್ಟೆ ಇಟ್ಟೆ. ಅಗಿಯೋದಂತೂ ತಾನಾಗೇ ನಿಂತಿತ್ತು. ತಿಂಗಳಲ್ಲಿ ನೋವು ಹೋಯಿತು. ಅವಳು ಹೇಳಿದ್ದೇ ನಿಜವಾಯಿತಲ್ಲ ಅನ್ನೋ ಉರಿ ಹೋಗಿಲ್ಲ. ಈಗ ಎಲೆಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಕುಟ್ಟಿ ಕುಟ್ಟಿ ಮೊಣಕೈ ಹಿಡಿದುಕೊಂಡಿದೆ. ಯಾರಿಗೂ ಹೇಳಿಲ್ಲ. ಹೇಳಿದರೆ ಡಾಕ್ಟರು ಕೈ ಬಿಟ್ಟು ಕುತ್ತಿಗೆ ಅಮುಕುತ್ತಾರೆ, ಸಾವಿತ್ರಿ ಕುಟ್ಟಾಣಿ ಬಚ್ಚಿಡುತ್ತಾಳೆ. ನನ್ನ ಬುದ್ಧಿಗೇ ಬಿಟ್ಟರೆ, ಬಸ್ಸು ಹತ್ತಿ ಹೋಗಿ ಕೈ ಕೀಳಿಸಿಕೊಂಡು ಬರುತ್ತೇನೆ.