ಪ್ರಸ್ಥಾನಕ್ಕಿಟ್ಟ ಚೀಲ

ಸಂಕರ್ಷಣನಿಗೆ ಅತ್ತೆ ಅನಂತಲಕ್ಷ್ಮಿಯವರ ಅಡುಗೆಯ ಬಗ್ಗೆ ಯಾವ ದೂರೂ ಇರಲಿಲ್ಲ. ದೂರು ಇದ್ದದ್ದು ಅವರ ಮಾತಿನ ಬಗ್ಗೆ. ಅದೂ ಹೆಚ್ಚಿಲ್ಲ, ಒಂದೇ ಒಂದು ವಾಕ್ಯ.

ಮೊದಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಂತೆ ಹೆಂಡತಿ ನಂದಿತಾ ಆಗ ಶ್ರೀನಿವಾಸಪುರದಲ್ಲಿದ್ದಳು. ಒಂದಿಡೀ ಹಗಲು, ಒಂದಿಡೀ ರಾತ್ರಿ ನೋವು ತಿಂದು ಶ್ರೀಪ್ರಿಯಾಳನ್ನು ಹೆತ್ತಳು. ಅಷ್ಟು ಧಾರಾಳವಾಗಿ ಕಾಲಾವಕಾಶ ಕೊಟ್ಟರೂ ಮುಳಬಾಗಿಲಿನಿಂದ ಹೊರಟ ಗಂಡ ತಲುಪಿದ್ದು ಎಲ್ಲ ಮುಗಿದು, ಆಸ್ಪತ್ರೆಯಲ್ಲಿ ಕ್ಯಾರಿಯರ್ ಬಿಚ್ಚುವ ಹೊತ್ತಿಗೆ. (ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಅದು, ಆಡಿಟರ್ ಆದವನು ಕಚೇರಿ ಬಿಟ್ಟು ಹೊರಡುವುದು ಹೇಗೆ ಎಂದು ಅವನು ಇವತ್ತಿಗೂ ವಾದಿಸುತ್ತಾನೆ.) ಅವನನ್ನು ಕಂಡ ಅತ್ತೆ ಮೃದುವಾಗಿ ಹೇಳಿದರು: "ಬನ್ನಿ ಬನ್ನಿ. ಅಳಿಯಂದ್ರು ಊಟದ ಹೊತ್ತಿಗೆ ಸರಿಯಾಗಿ ಬಂದ್ರು."

ಅಂದಿನಿಂದ ಆ ವಾಕ್ಯ ನಾಮಕರಣದಲ್ಲಿ ಕೇಳಿಬಂತು, ಚೌಲದಲ್ಲಿ ಕೇಳಿಬಂತು, ಯಾರದೋ ಗೃಹಪ್ರವೇಶದಲ್ಲಿ ಗುರುತಿಲ್ಲದವರ ಬಾಯಲ್ಲೂ ಕೇಳಿಬಂತು. ಹಾಗಾಗಿ ನಂದಿತಾ ಎರಡನೇ ಸಲ ಬಸುರಾದಾಗ ಸಂಕರ್ಷಣ ಶಪಥ ಮಾಡಿದ. ಎರಡನೆಯದು ಗಂಡನ ಮನೆಯ ಹೆರಿಗೆ. ಮಗುವಿನ ಮುಖವನ್ನು ಈ ಸಲ ಎಲ್ಲರಿಗಿಂತ ಮೊದಲು ನೋಡುವವನು ತಾನೇ. ಅತ್ತೆ ಆಮೇಲೆ ಬರಲಿ, ಊಟದ ಹೊತ್ತಿಗೆ ಸರಿಯಾಗಿ.

ಇದಕ್ಕಾಗಿಯೇ ಅವನು ಊರಿನ ಆಸ್ಪತ್ರೆ ಬಿಟ್ಟು ಕೋಲಾರದಲ್ಲಿ ಒಂದು ನರ್ಸಿಂಗ್ ಹೋಮ್ ಹುಡುಕಿದ. ಅಲ್ಲಿ ಹೆರಿಗೆ ಕೋಣೆಗೆ ಗಂಡನನ್ನೂ ಬಿಡುತ್ತಿದ್ದರು. ಹೆಂಡತಿಯ ಹೆರಿಗೆ ನೋವಿನ ಹೊತ್ತಿನಲ್ಲಿ ಗಂಡಂದಿರು ಉಸಿರಾಡುವುದು ಹೇಗೆ ಎಂಬ ಉಪನ್ಯಾಸಗಳನ್ನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಳಗ್ಗೆ ಸಂಜೆ ಕೇಳತೊಡಗಿದ. ಹೆರುವವಳು ನಂದಿತಾ ಆದರೂ ಮನೆಯಲ್ಲಿ ಬುಸುಗುಟ್ಟುತ್ತಿದ್ದವನು ಅವನೇ.

ಯೋಜನೆಗೆ ಶಾಸ್ತ್ರದ ಮುದ್ರೆ ಒತ್ತಿದವರು ತಂದೆ ಸುಬ್ರಹ್ಮಣ್ಯ ಶಾಸ್ತ್ರಿಗಳು. ಪೌರೋಹಿತ್ಯದಿಂದ ನಿವೃತ್ತರಾಗಿದ್ದರೂ ಪಂಚಾಂಗದಿಂದ ನಿವೃತ್ತರಾಗಿರಲಿಲ್ಲ.

"ನೋವು ಯಾವ ಹೊತ್ತಲ್ಲಿ ಶುರುವಾಗತ್ತೋ ಯಾರಿಗೆ ಗೊತ್ತು? ರಾಹುಕಾಲದಲ್ಲಿ ಬಂದ್ರೆ ಹೊಸಲು ದಾಟೋದು ಹೇಗೋ?" ಎಂದರು. "ಪ್ರಸ್ಥಾನ ಇಟ್ಬಿಡೋಣ. ಒಳ್ಳೇ ಲಗ್ನ ನೋಡಿ ಹೊರಡೋರ ವಸ್ತೂನ ಬೇರೆಯವರ ಮನೇಲಿ ಇಟ್ರೆ ಆಯ್ತು. ಚೀಲ ಹೊರಟ್ರೆ ಆಸಾಮಿ ಹೊರಟ ಹಾಗೇ ಲೆಕ್ಕ. ಆಮೇಲೆ ಯಾವಾಗ ಹೋದ್ರೂ ದೋಷವಿಲ್ಲ."

ಮುಂಗಡವಾಗಿ ಹೊರಟುಬಿಡುವ ಈ ಏರ್ಪಾಡು ಆಡಿಟರ್ ಮನಸ್ಸಿಗೆ ಬಹಳ ಹಿಡಿಸಿತು. ಅಂಗಡಿಯಿಂದ ದೊಡ್ಡದೊಂದು ನೀಲಿ ಚೀಲ ತಂದ.

"ನಿನ್ನ ಸೀರೆ, ಮಗೂ ಬಟ್ಟೆ ಎಲ್ಲಾ ಕೊಡೇ, ತುಂಬ್ತೀನಿ."

"ನನ್ನದು ಆಮೇಲೆ ನೋಡೋಣ, ಮೊದ್ಲು ನಿಮ್ಮದು ತುಂಬ್ಕೊಳ್ಳಿ," ಎಂದಳು ನಂದಿತಾ, ಶ್ರೀಪ್ರಿಯಾಳಿಗೆ ಜಡೆ ಹಾಕುತ್ತಾ.

ಅವನು ತುಂಬಿಕೊಂಡ. ನರ್ಸಿಂಗ್ ಹೋಮಿನ ಫೈಲು ಹೋಯಿತು. ಗಾಬರಿಯಲ್ಲಿ ಹುಡುಕುವಂತಾಗಬಾರದೆಂದು ಕಾರಿನ ಕೀಲಿ ಹೋಯಿತು. ಅದು ಕಳೆದರೆ ಎಂಬ ಮುಂಜಾಗ್ರತೆಯಿಂದ ಇನ್ನೊಂದು ಕೀಲಿಯೂ ಅದರ ಪಕ್ಕದಲ್ಲೇ ಹೋಯಿತು. ಅಷ್ಟರಲ್ಲಿ ಶಾಸ್ತ್ರಿಗಳು "ಲಗ್ನ ಮೀರತ್ತೆ ಕಣೋ!" ಎಂದು ಕೂಗಿದ್ದರಿಂದ ಜಿಪ್ ಎಳೆದು, ಚೀಲವನ್ನು ಪಕ್ಕದ ಮನೆ ಶ್ಯಾಮಲಮ್ಮನ ನಡುಮನೆಯಲ್ಲಿ ಪೂರ್ವಾಭಿಮುಖವಾಗಿ ಸ್ಥಾಪಿಸಿ ಬಂದ. ಕಚೇರಿಗೆ ಹೋಗಿಬರಲು ಸ್ಕೂಟರ್ ಇತ್ತು, ಕಾರಿನ ನೆನಪು ಬರಲಿಲ್ಲ.

ಒಂಟಿ ಹೆಂಗಸು ಶ್ಯಾಮಲಮ್ಮ ಆ ವಾರವೇ ಒಂದು ಬೆಳಗ್ಗೆ ಯಲ್ದೂರಿನ ಮಗಳ ಮನೆಗೆ ಹೊರಟಳು. ಅಲ್ಲಿ ಮಾವಿನಕಾಯಿ ಕೀಳುವ ಕಾಲ. ಹೋಗುವ ಮುಂಚೆ ಕಾಂಪೌಂಡಿನಾಚೆ ನಿಂತು ಸಂಕರ್ಷಣನಿಗೆ ಏನೋ ಕೂಗಿ ಹೇಳಿದಳು. ಅವನು ಕಿವಿಯಲ್ಲಿ ಉಪನ್ಯಾಸ ತುಂಬಿಕೊಂಡೇ "ಆಯ್ತಮ್ಮಾ, ಆಯ್ತು" ಎಂದು ತಲೆಯಾಡಿಸಿದ.

ಮರುದಿನ ಬೆಳಗ್ಗೆ ನಂದಿತಾ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಶೆಲ್ಫ್ ಒರೆಸುತ್ತಿದ್ದಳು. ಒಂದು ಕೈ ಸೊಂಟದ ಮೇಲಿತ್ತು. ಶ್ರೀಪ್ರಿಯಾ ಎಂದೂ ಇಲ್ಲದ ಹಾಗೆ ಅಮ್ಮನ ಸೆರಗು ಬಿಡದೆ ರಾಗ ಎಳೆಯುತ್ತಿದ್ದಳು.

"ರೀ, ಇವತ್ತೇ ಅನ್ಸತ್ತೆ," ಎಂದಳು ನಂದಿತಾ. "ಸೊಂಟ ಹಿಡೀತಿದೆ. ಹೊಟ್ಟೆ ಬಿಗಿಯಾಗಿ ಬಿಗಿಯಾಗಿ ಬಿಡ್ತಿದೆ. ಎರಡು ಸಲ ಬಚ್ಚಲಿಗೂ ಹೋಗಿ ಬಂದೆ."

"ರಾತ್ರಿ ಹಲಸಿನ ಹಣ್ಣು ತಿಂದ್ಯಲ್ಲ, ಅದಕ್ಕೇ."

"ಹಲಸಿನ ಹಣ್ಣು ಸೊಂಟ ಹಿಡಿಯತ್ತೇನ್ರೀ?"

"ಡಾಕ್ಟ್ರು ಕೊಟ್ಟ ತಾರೀಖು ಇನ್ನೂ ಬಂದಿಲ್ಲ ಕಣೇ," ಎಂದ ಸಂಕರ್ಷಣ. ಅವನ ವೃತ್ತಿಯ ಅನುಭವದಲ್ಲಿ ಗಡುವು ವಿಸ್ತರಣೆ ಕೇಳಿದವರು ಉಂಟು, ಗಡುವಿಗೆ ಮುಂಚೆ ಬಂದವರು ಯಾರೂ ಇರಲಿಲ್ಲ. "ಇದು ಸುಳ್ಳು ನೋವು. ಉಪನ್ಯಾಸದಲ್ಲಿ ಹೇಳಿದಾರೆ. ಸ್ವಲ್ಪ ನಡೆದಾಡು, ಹೋಗತ್ತೆ."

ನಂದಿತಾ ನಡೆದಾಡಿದಳು. ನೋವು ಹೋಗುವ ಬದಲು ಜತೆಗೇ ನಡೆದಾಡಿತು. ಮೊದಲು ಮಾತಾಡುತ್ತಲೇ ತಡೆದುಕೊಳ್ಳುತ್ತಿದ್ದವಳು ಈಗ ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದಳು. ಕಾಫಿ ಕುಡಿಯುವಷ್ಟು ಬಿಡುವು ಕೊಡುತ್ತಿದ್ದ ನೋವು, ಲೋಟ ತೊಳೆಯುವಷ್ಟೂ ಬಿಡುವು ಕೊಡದ ಹಾಗಾಯಿತು.

"ಸುಳ್ಳಲ್ಲ ಕಣ್ರೀ ಇದು! ನೋಡಿ, ನೀರೂ ಹೋಗ್ತಿದೆ. ಹೊರಡಿ!"

ಈಗ ಸಂಕರ್ಷಣ ಎದ್ದ. ಗಾಬರಿಯಿಂದಲ್ಲ, ಗಾಂಭೀರ್ಯದಿಂದ. ಈ ಗಳಿಗೆಗಾಗಿಯೇ ಅಲ್ಲವೇ ಇಷ್ಟೆಲ್ಲ ತಯಾರಿ. ಪಕ್ಕದ ಮನೆಯ ಮೆಟ್ಟಿಲು ಹತ್ತಿ ನೋಡಿದರೆ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. ಕಿಟಕಿಯಿಂದ ಇಣುಕಿದ. ನಡುಮನೆಯಲ್ಲಿ ನೀಲಿ ಚೀಲ ಪೂರ್ವಾಭಿಮುಖವಾಗಿ ಕೂತು ಅವನನ್ನು ಸ್ವಲ್ಪವೂ ಲಕ್ಷ್ಯ ಮಾಡಲಿಲ್ಲ.

ಶ್ಯಾಮಲಮ್ಮ ಹಿಂದಿನ ದಿನವೇ ಯಲ್ದೂರಿಗೆ ಹೋದಳೆಂದು ಎದುರು ಮನೆಯವರು ಹೇಳಿದರು. ಅವಳಿಗೆ ಫೋನ್ ಮಾಡಿದ. ಯಾರೂ ಎತ್ತಲಿಲ್ಲ.

"ಬೀಗ ಒಡೀಲಾ ಅಪ್ಪಾ?"

"ಪ್ರಸ್ಥಾನ ಇಟ್ಟ ಮನೇ ಬೀಗ ಒಡೆಯೋದೇನೋ? ಅಪಶಕುನ!" ಎಂದರು ಶಾಸ್ತ್ರಿಗಳು.

"ರೀ, ಕಾರು ಬೇಡ, ಕೋಲಾರ ಬೇಡ," ಎಂದಳು ನಂದಿತಾ, ಹಲ್ಲು ಕಚ್ಚಿಕೊಂಡು. "ಇಲ್ಲೇ ನಮ್ಮೂರ ದೊಡ್ಡಾಸ್ಪತ್ರೆಗೆ ಹೋಗೋಣ. ಎರಡನೇದು ಬೇಗ ಆಗ್ಬಿಡತ್ತೆ ಅಂತ ಡಾಕ್ಟ್ರೇ ಹೇಳಿದಾರೆ."

"ಬೇಗ ಅಂದ್ರೆ ಎಷ್ಟು ಬೇಗ? ಮೊದಲನೇದಕ್ಕೆ ಒಂದು ಹಗಲು ಒಂದು ರಾತ್ರಿ. ಇದಕ್ಕೆ ಅರ್ಧ ಅಂತಲೇ ಇಟ್ಕೋ, ಸಂಜೆವರೆಗೂ ಟೈಮಿದೆ. ಯಲ್ದೂರಿಗೆ ಹೋಗಿ ಬೀಗದ ಕೈ ಇಸ್ಕೊಂಡು ಬಂದ್ಬಿಡ್ತೀನಿ. ಕೋಲಾರದಲ್ಲಾದ್ರೆ ನನ್ನೂ ಒಳಗೆ ಬಿಡ್ತಾರೆ ಕಣೇ!" ನಂದಿತಾ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ನೋವು ಬಂದು ಅವಳ ಬಾಯಿ ಮುಚ್ಚಿಸಿತು. ಆ ಮೌನವನ್ನು ಒಪ್ಪಿಗೆಯೆಂದು ತಿಳಿದು ಸಂಕರ್ಷಣ ಸ್ಕೂಟರ್ ಹತ್ತಿದ.

ಶ್ರೀನಿವಾಸಪುರದ ರಸ್ತೆಯಲ್ಲಿ ಎದುರಿನಿಂದ ಒಂದು ಬಸ್ಸು ಬಂತು. ಅದರ ಕಿಟಕಿಯಿಂದ ಯಾರೋ ಹೆಂಗಸು ಬಳೆಗೈ ಚಾಚಿ "ರೀ... ಅಳಿಯಂದ್ರೇ... ಈ ಕಡೆ ಎಲ್ಲಿಗ್ರೀ?" ಎಂದು ಕೂಗಿದ ಹಾಗಾಯಿತು. ಪಾಪ, ಯಾರ ಅಳಿಯನೋ ಏನೋ ಎಂದುಕೊಂಡು ಅವನು ಗಾಡಿಯ ವೇಗ ಹೆಚ್ಚಿಸಿದ.

ಯಲ್ದೂರಿನ ತೋಪಿನಲ್ಲಿ ಶ್ಯಾಮಲಮ್ಮ ಮಾವಿನ ರಾಶಿಯ ನಡುವೆ ಕೂತಿದ್ದಳು. ಅವಳ ಫೋನು ಕೈಚೀಲದೊಳಗೆ, ಕೈಚೀಲ ಮರದ ಕೊಂಬೆಯಲ್ಲಿ.

"ಶ್ಯಾಮಲಮ್ಮಾ, ಮನೇ ಬೀಗದ ಕೈ ಕೊಡಿ! ನಂದಿತಂಗೆ ನೋವು ಬಂದಿದೆ!"

"ಅಯ್ಯೋ ದೇವುಡಾ! ಕೈ ನನ್ನತ್ರ ಎಲ್ಲೈತೆ ಸಾಮಿ? ನಿಮ್ಮ ತುಳಸಿಕಟ್ಟೆ ಗೂಡಲ್ಲಿ ಇಟ್ಟು ಬಂದಿವ್ನಿ. ಚೀಲ ಬೇಕಾದ್ರೆ ತಗೊಳ್ಳಿ ಅಂತ ನಿಮಗೇ ಕೂಗಿ ಕೂಗಿ ಹೇಳಿದ್ನಲ್ಲ? ಆಯ್ತಮ್ಮಾ ಆಯ್ತು ಅಂತ ತಲೆ ಆಡಿಸಿದ್ರಲ್ಲ ನಾಯ್ನಾ!"

ಸಂಕರ್ಷಣ ಅಲ್ಲೇ ಮಾವಿನ ರಾಶಿಯ ಪಕ್ಕ ಕುಸಿದು ಕೂತ. ಶ್ಯಾಮಲಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟು, "ಎರಡನೇ ಬಸುರಿನ ಹೆಂಗಸನ್ನ ನೋವಲ್ಲಿ ಬಿಟ್ಟು ಇಷ್ಟು ದೂರ ಬರೋದಾ? ಕೂತ್ಕೊಂಡಿದ್ದ ಹಾಗೇ ಆಗೋಗ್ತೈತೆ ಅದು!" ಎಂದು ಬೈದಳು. ಮನೆಗೆ ಫೋನ್ ಮಾಡೋಣವೆಂದು ಜೇಬಿನಿಂದ ಮೊಬೈಲ್ ತೆಗೆದರೆ, ಬೆಳಗಿನ ಉಪನ್ಯಾಸಕ್ಕೆ ಅದರ ಪ್ರಾಣ ಹೋಗಿತ್ತು. ಮನೆಯ ಚಾರ್ಜರ್ ಯಾವ ಚೀಲದಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಶ್ಯಾಮಲಮ್ಮನ ಫೋನಿನಿಂದ ಮಾಡಿದರೆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಈಗ ಮಾತ್ರ ಅವನಿಗೆ ನಿಜವಾದ ಹೆದರಿಕೆಯಾಯಿತು. ದಾರಿಯುದ್ದಕ್ಕೂ ಕುರುಡುಮಲೆ ಗಣಪನಿಗೆ ಒಂದೊಂದೇ ತೆಂಗಿನಕಾಯಿ ಹೆಚ್ಚಿಸುತ್ತಾ ಹಿಂದಕ್ಕೆ ಓಡಿಸಿದ. ಊರು ಮುಟ್ಟುವ ಹೊತ್ತಿಗೆ ಹರಕೆ ಒಂದು ಮೂಟೆ ತಲುಪಿತ್ತು.

ಮನೆಗೆ ಬೀಗ. ಎದುರು ಮನೆಯವರು ಮಹಡಿಯಿಂದಲೇ ಕೂಗಿದರು: "ದೊಡ್ಡಾಸ್ಪತ್ರೆಗೆ ಹೋದ್ರು! ಕದಿರೇಶನ ಟಮೋಟ ಗಾಡೀಲಿ!"

ತುಳಸಿಕಟ್ಟೆಯ ಗೂಡಿಗೆ ಕೈ ಹಾಕಿದ. ಬೀಗದ ಕೈ ತಣ್ಣಗೆ ಅಲ್ಲೇ ಇತ್ತು. ಚೀಲ ತಂದು, ಕಾರು ತೆಗೆದು, ಈ ಪ್ರಸವಕ್ಕೆಂದು ಸಿದ್ಧವಾಗಿದ್ದ ವಾಹನದಲ್ಲಿ ಗರ್ಭಿಣಿಯೊಬ್ಬಳನ್ನು ಬಿಟ್ಟು ಉಳಿದೆಲ್ಲವನ್ನೂ ಹೇರಿಕೊಂಡು ಆಸ್ಪತ್ರೆಗೆ ಹೋದ.

ಅಲ್ಲಿ ವಾರ್ಡಿನ ಬಾಗಿಲ ಬಳಿ ಬೆಂಚಿನ ಮೇಲೆ ಅನಂತಲಕ್ಷ್ಮಿಯವರು ಕ್ಯಾರಿಯರ್ ಬಿಚ್ಚಿ ಶ್ರೀಪ್ರಿಯಾಳಿಗೆ ಮೊಸರನ್ನ ಕಲಸುತ್ತಿದ್ದರು. ಅಳಿಯನನ್ನು ಕಂಡು ಕೈ ನಿಲ್ಲಿಸಿದರು. ಸಂಕರ್ಷಣ ಕಣ್ಣು ಮುಚ್ಚಿಕೊಂಡ.

"ಬನ್ನಿ ಬನ್ನಿ," ಎಂದರು ಅತ್ತೆ. "ಅಳಿಯಂದ್ರು ಈ ಸಲವೂ ಊಟದ ಹೊತ್ತಿಗೆ ಸರಿಯಾಗಿ ಬಂದ್ರು. ಬಸ್ಸಿಂದ ಅಷ್ಟು ಕೂಗಿದ್ರೂ ತಿರುಗಿ ನೋಡ್ಲಿಲ್ಲವಲ್ರೀ?"

ಆಮೇಲೆ ತಿಳಿದ ವಿಷಯ ಇಷ್ಟು. ಬೆಳಗ್ಗೆ ಸೊಂಟ ಹಿಡಿದ ಮೊದಲ ಗಳಿಗೆಯಲ್ಲೇ ನಂದಿತಾ ತಾಯಿಗೆ ಫೋನ್ ಮಾಡಿದ್ದಳು. ಗಂಡನ ಸ್ಕೂಟರ್ ಬೀದಿ ತಿರುಗಿದ ತಕ್ಷಣ ಮಂಚದ ಕೆಳಗಿನಿಂದ ತನ್ನ ವೈರ್ ಬುಟ್ಟಿ ಎಳೆದಳು. ಎರಡನೆಯದು ಹೇಳಿ ಕೇಳಿ ಬರುವುದಿಲ್ಲವೆಂದು ತಿಂಗಳ ಹಿಂದೆಯೇ ಹಳೇ ಸೀರೆ, ಮಗುವಿನ ಬಟ್ಟೆ, ತಾಯಿ ಕಾರ್ಡು ಎಲ್ಲ ಅದರಲ್ಲಿ ಸೇರಿದ್ದವು. ಮಾರುಕಟ್ಟೆಗೆ ಟೊಮೆಟೊ ಹಾಕಿ ವಾಪಸಾಗುತ್ತಿದ್ದ ಕದಿರೇಶನನ್ನು ಬೀದಿಯಲ್ಲಿ ತಡೆದು, ಮುಂದಿನ ಸೀಟಿನಲ್ಲಿ ತಾನು ಕೂತಳು. ಹಿಂದೆ ಖಾಲಿ ಕ್ರೇಟುಗಳ ನಡುವೆ ಮೊಮ್ಮಗಳನ್ನು ಅಪ್ಪಿಕೊಂಡು ಶಾಸ್ತ್ರಿಗಳು ಕೂತರು. ಅದು ಅಪ್ಪಟ ರಾಹುಕಾಲ. ಪಂಚಾಂಗದ ಮಾತನ್ನು ಯಾರೂ ಎತ್ತಲಿಲ್ಲ, ಶಾಸ್ತ್ರಿಗಳಂತೂ ಎತ್ತಲೇ ಇಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆ ಮುಟ್ಟಿ ನೋಡಿದ ಸಿಸ್ಟರ್ ಸೀದಾ ಹೆರಿಗೆ ಕೋಣೆಗೆ ಕರೆದೊಯ್ದರು. ಆಮೇಲೆ ಬಾಗಿಲಿಂದ ತಲೆ ಹಾಕಿ, "ಗಂಡ ಎಲ್ಲಿ? ಜತೆಗೆ ಒಬ್ರು ಬೇಕು, ಬೇಗ ಒಳಗೆ ಬನ್ನಿ!" ಎಂದು ಕದಿರೇಶನ ತೋಳು ಹಿಡಿದರು. ಕದಿರೇಶ, "ನಾನಲ್ಲಮ್ಮಾ! ನಾನು ಟಮೋಟದವನು!" ಎಂದು ಕಿರುಚಿ ಗಾಡಿಯವರೆಗೂ ಓಡಿದ. ಅಷ್ಟರಲ್ಲಿ ಬಸ್ಸಿಳಿದು ಬಂದ ಅನಂತಲಕ್ಷ್ಮಿಯವರು ಒಳಗೆ ಹೋದರು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದರೊಳಗೆ ಮಗು ಹೊರಗೆ ಬಂದಿತ್ತು.

"ಇಲ್ಲೂ... ಇಲ್ಲೂ ಗಂಡನ್ನ ಒಳಗೆ ಬಿಡ್ತಿದ್ರಾ?" ಎಂದು ಕೇಳಿದ ಸಂಕರ್ಷಣ. ಅತ್ತೆ ಶ್ರೀಪ್ರಿಯಾಳ ಬಾಯಿಗೆ ಇನ್ನೊಂದು ತುತ್ತು ಇಟ್ಟರು.

ನಂದಿತಾ ಮಂಚದ ಮೇಲೆ ಒರಗಿದ್ದಳು, ದಣಿದಿದ್ದರೂ ಕಣ್ಣಲ್ಲಿ ನಗು. ಪಕ್ಕದಲ್ಲಿ ಕೆಂಪಗಿನ ಹೆಣ್ಣುಮಗು, ಅಪ್ಪನ ಹಾಗೆಯೇ ಬುಸುಗುಟ್ಟುತ್ತಾ ಮಲಗಿತ್ತು. ಅದರ ಬೆರಳು ಮುಟ್ಟಿದಾಗ ಸಂಕರ್ಷಣನಿಗೆ ಅಳು ಬಂತು. ಸಂತೋಷವೂ ನಾಚಿಕೆಯೂ ಒಟ್ಟೊಟ್ಟಿಗೆ ನುಗ್ಗಿದ್ದರಿಂದ ಅದನ್ನು ತಡೆಯಲು ಅವನಿಂದಾಗಲಿಲ್ಲ.

"ತಪ್ಪಾಯ್ತು ಕಣೇ."

"ಅಳೋದು ಆಮೇಲೆ. ಮಗೂಗೆ ಇನ್ನೊಂದು ಮೆತ್ತನೆ ಬಟ್ಟೆ ಬೇಕು, ನಿಮ್ಮ ಚೀಲದಲ್ಲಿ ಇದ್ರೆ ತೆಗೀರಿ."

ಕೊನೆಗೂ ತನ್ನ ಚೀಲಕ್ಕೆ ಬೆಲೆ ಬಂತೆಂದು ಸಂಕರ್ಷಣ ಸಡಗರದಿಂದ ಜಿಪ್ ಎಳೆದ. ಮೊದಲು ಅವನ ಲುಂಗಿ ಬಂತು. ಆಮೇಲೆ ಅವನ ಶೇವಿಂಗ್ ಸೆಟ್ಟು, ಕುತ್ತಿಗೆಗೆ ಸುತ್ತಿಕೊಳ್ಳುವ ದಿಂಬು, ಚಾರ್ಜರ್, ಒಂದು ಡಬ್ಬ ಚಕ್ಕುಲಿ. ತಳದವರೆಗೂ ಕೈ ಹಾಕಿದ. ಅವನ ಇನ್ನೊಂದು ಲುಂಗಿ ಸಿಕ್ಕಿತು.

ಶಾಸ್ತ್ರಿಗಳು ಕನ್ನಡಕ ಸರಿಮಾಡಿಕೊಂಡು ಆ ರಾಶಿಯನ್ನು ಬಹಳ ಹೊತ್ತು ಪರಿಶೀಲಿಸಿದರು. ಅವರ ಮುಖ ಬೆಳಗಿನಿಂದ ಮೊದಲ ಬಾರಿಗೆ ಅರಳಿತು.

"ಶಾಸ್ತ್ರ ಸುಳ್ಳಾಗ್ಲಿಲ್ಲ ನೋಡೋ! ಯಾರ ವಸ್ತು ಹೊರಗಿಡ್ತೀವೋ ಅವರಿಗೇ ಪ್ರಯಾಣ. ಚೀಲದ ತುಂಬ ನಿನ್ನದೇ ಇತ್ತು, ಅದಕ್ಕೇ ನೀನೊಬ್ನೇ ಹೊರಟೆ."

"ಸದ್ಯ ಮಾವ, ನನ್ನ ಸೀರೆ ಅದಕ್ಕೆ ಹಾಕ್ಲಿಲ್ಲ," ಎಂದಳು ನಂದಿತಾ, ಮಗುವಿಗೆ ಲುಂಗಿ ಹೊದಿಸುತ್ತಾ. "ಹಾಕಿದ್ರೆ ನಾನೂ ಯಲ್ದೂರಿಗೇ ಹೋಗಿ ಹೆರಬೇಕಾಗ್ತಿತ್ತು."