ಬಳೆಯ ದುಡ್ಡಿನ ಬಂದೂಕು

ಯಾವ ವಸ್ತುವೂ ಮನೆಗೆ ಒಂಟಿಯಾಗಿ ಬರುವುದಿಲ್ಲ ಎನ್ನುವುದು ನನ್ನ ಅನುಭವ. ಅಂಗಡಿಯಲ್ಲಿ ಅದು ಹಿಂದೆ ಮುಂದೆ ಯಾರೂ ಇಲ್ಲದ ಅನಾಥನ ಹಾಗೆ ಪಾಪ ನಿಂತಿರುತ್ತದೆ. ನಾವು ಬೆಲೆ ವಿಚಾರಿಸಿ, ಚೌಕಾಸಿ ಮಾಡಿ, ಗೆದ್ದೆವೆಂದುಕೊಂಡು ಮನೆಗೆ ತಂದ ಮೇಲೆ ಅದರ ಬಂಧುಬಳಗ ಒಬ್ಬೊಬ್ಬರಾಗಿ ಇಳಿಯತೊಡಗುತ್ತದೆ. ಫ್ರಿಜ್ ತಂದರೆ ಅದರ ಹಿಂದೆ ಸ್ಟೆಬಿಲೈಸರ್, ಅದರ ಹಿಂದೆ ಕಾಲಿಗೊಂದು ಸ್ಟ್ಯಾಂಡು, ತಲೆಗೊಂದು ಹೂವಿನ ಹೊದಿಕೆ, ಕೊನೆಗೆ ಬಾಗಿಲಿನ ಹಿಡಿಗೂ ಒಂದು ಕುಲಾವಿ. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಎಲ್ಲರಿಗೂ ಗೊತ್ತಿಲ್ಲದ ಸಂಗತಿಯೆಂದರೆ, ಈ ಬಂಧುಗಳನ್ನೆಲ್ಲ ಮೊದಲೇ ಎಣಿಸಿ, ಎಲೆ ಹಾಕಿ, ಯಾರಿಗೂ ಕಡಿಮೆಯಾಗದಂತೆ ಲೆಕ್ಕ ಹಿಡಿಯಬಲ್ಲ ಮನುಷ್ಯನೊಬ್ಬ ಸಹಕಾರನಗರದಲ್ಲಿ ವಾಸವಾಗಿದ್ದಾನೆ. ಅವನು ನಾನೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕಪತ್ರ ವಿಭಾಗದ ಮುಖ್ಯಸ್ಥ. ನನ್ನ ಬಜೆಟ್ಟು ತಪ್ಪಿದ ದಾಖಲೆ ಇಲ್ಲ. ಮನೆ ಕಟ್ಟಿಸುವಾಗ ಅಂದಾಜಿನೊಳಗೇ ಮುಗಿಸಿದವನು ನಾನು. ಕೊನೆಯಲ್ಲಿ ಮಹಡಿ ಮೆಟ್ಟಿಲಿಗೆ ಕಂಬಿ ಹಾಕಿಸಲಿಲ್ಲ ಎಂದು ನೆಂಟರು ಆಡಿಕೊಂಡರು, ಅದು ಬೇರೆ ಮಾತು. ಗೋಡೆ ಹಿಡಿದುಕೊಂಡು ಇಳಿದರೆ ಯಾರಿಗೂ ಏನೂ ಆಗುವುದಿಲ್ಲ. ಹೀಗಿರುವಾಗ ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಹೆಂಡತಿಗೆ ಗೊತ್ತಾಗದ ಹಾಗೆ ನಾಲ್ಕು ಚಿನ್ನದ ಬಳೆಗಳ ದುಡ್ಡನ್ನು ಕೂಡಿಟ್ಟಿದ್ದೆ. ಒಂದು ಭಾನುವಾರ ತಿಂಡಿಯ ಹೊತ್ತಿಗೆ, ದಾನ ಕೊಡುವ ದೊರೆಯ ಗತ್ತಿನಲ್ಲಿ ವಿಷಯ ತಿಳಿಸಿದೆ.

ಗಿರಿಜಾ ಹಾವೇರಿಯ ಕಡೆಯವಳು, ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಅವಳ ಮಾತು ಇನ್ನೂ ತುಂಗಭದ್ರಾ ನದಿ ದಾಟಿ ಬಂದಿಲ್ಲ. ತಟ್ಟೆಯಿಂದ ತಲೆ ಎತ್ತದೆಯೇ ಅಂದಳು: "ನನಗ ಬಳಿ ಬ್ಯಾಡ್ರೀ. ಬಂದೂಕು ಕೊಡಸ್ರಿ."

ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲಿಯೇ ನಿಂತಿತು. ಇಪ್ಪತ್ತೈದು ವರ್ಷದಲ್ಲಿ ನಾನು ಮಾಡಿದ, ಮಾಡದೆ ಬಿಟ್ಟ ಎಲ್ಲ ಕೆಲಸಗಳೂ ಒಮ್ಮೆಗೇ ಕಣ್ಣ ಮುಂದೆ ಬಂದವು. "ಹಂಗ್ಯಾಕ ನೋಡ್ತೀರಿ? ನಿಮ್ಮನ್ನೇನ್ ಹೊಡಿಯಂಗಿಲ್ಲ. ಗುರಿ ಹೊಡಿಯೂ ಆಟದ ಬಂದೂಕು. ಬಳಿ ತಂದ್ರ ಏನ್ ಮಾಡೂದೈತಿ? ಬಂಗಾರ ಅನ್ನೂದು ಲಾಕರಿನ್ಯಾಗ ಸುಮ್ಮನ ಬಿದ್ದಿರತೈತಿ," ಎಂದಳು.

ಆಮೇಲೆ ವಿಷಯ ಹೊರಬಿತ್ತು. ಕಾಲೇಜು ಬಿಟ್ಟ ಮೇಲೆ 'ವ್ಯಾಯಾಮ' ಎಂದು ಅವಳು ಹೋಗುತ್ತಿದ್ದದ್ದು ನಾನು ತಿಳಿದಂತೆ ಯೋಗಕ್ಕಲ್ಲ. ಕೊಡಿಗೇಹಳ್ಳಿಯ ಹತ್ತಿರ ಜಿಮ್ಮಿನ ಮೇಲಿನ ಮಹಡಿಯಲ್ಲಿರುವ ಶೂಟಿಂಗ್ ಕ್ಲಬ್ಬಿಗೆ. ಅಲ್ಲಿಯ ಬಾಡಿಗೆಯ ಏರ್ ರೈಫಲ್ಲಿನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಳಂತೆ. ಹುಡುಗಿಯಾಗಿದ್ದಾಗ ಎನ್‌ಸಿಸಿಯಲ್ಲಿ ಗುರಿ ಹೊಡೆಯುವುದರಲ್ಲಿ ಅವಳದ್ದೇ ಮೊದಲ ಸ್ಥಾನವಂತೆ. ದೊಡ್ಡ ಶಿಬಿರಕ್ಕೆ ಆಯ್ಕೆಯಾದಾಗ ನಮ್ಮ ಮಾವನವರು, "ಬಂದೂಕು ಹಿಡಿದ ಹುಡುಗೀನ್ನ ಯಾವಾವ ಮದಿವಿ ಆಕ್ಕಾನ?" ಎಂದು ಕಳಿಸಲಿಲ್ಲ. ಬಂದೂಕು ಬಿಡಿಸಿದರು, ಕೊನೆಗೆ ನಾನು ಸಿಕ್ಕಿದೆ. ಅವಳು ಇದನ್ನು ನಗುತ್ತಲೇ ಹೇಳಿದಳು. ಆದರೆ ಇಷ್ಟು ವರ್ಷ ಒಂದು ಸಲವೂ ಹೇಳಿರಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು. ಆ ಸಂಕಟದಲ್ಲಿ, "ಬಂದೂಕಲ್ಲ, ಫಿರಂಗಿಯನ್ನೇ ಕೊಡಿಸ್ತೀನಿ. ಬಜೆಟ್ ಮಾತ್ರ ನನಗೆ ಬಿಡು," ಎಂದುಬಿಟ್ಟೆ.

ಬಂದೂಕಿನ ಬಜೆಟ್ಟು ನನಗೆ ತೀರ ಹೊಸದೇನೂ ಆಗಿರಲಿಲ್ಲ. ಚಿಕ್ಕವನಿದ್ದಾಗ ದೀಪಾವಳಿಗೆ ಅಪ್ಪ ಒಂದು ತಗಡಿನ ಪಿಸ್ತೂಲು ತಂದಿದ್ದರು. ಅದಕ್ಕೆ ಹಾಕುವ ಮದ್ದಿನ ರೀಲು ಬೇರೆ ಕೊಳ್ಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದು ದಂಡದ ಖರ್ಚು ಎಂದು ತೀರ್ಮಾನಿಸಿದರು. ಆ ಹಬ್ಬವಿಡೀ ನಾನು ಪಿಸ್ತೂಲಿನ ಕುದುರೆ ಎಳೆದು, ಬಾಯಲ್ಲೇ "ಢಂ, ಢಂ" ಎನ್ನುತ್ತ ಓಡಾಡಿದೆ. ಬೀದಿಯ ಹುಡುಗರು ಸಾಯಲು ಒಪ್ಪಲಿಲ್ಲ. ಸದ್ದು ಬಂದರೆ ಮಾತ್ರ ಸಾಯುತ್ತೇವೆ ಎಂದರು. ಬಂದೂಕಿನ ನಿಜವಾದ ಬೆಲೆ ಬಂದೂಕಿನಲ್ಲಿ ಇರುವುದಿಲ್ಲವೆಂದು ನಾನು ಅಂದೇ ಕಲಿತಿದ್ದೆ.

ಆದ್ದರಿಂದ ಈ ಸಲ ಬಂದೂಕಿನ ಬೆಲೆ ಬರೆದು, ಅದರ ಕೆಳಗೆ ಗುಂಡಿನ ಡಬ್ಬಿ, ಹೊತ್ತೊಯ್ಯುವ ಪೆಟ್ಟಿಗೆ ಎಂದೆಲ್ಲ ಸೇರಿಸಿದೆ. ಇದು ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕಾದ್ದರಿಂದ 'ಗಾಳಿ' ಎಂದು ಬರೆದು, ಮುಂದೆ 'ಉಚಿತ' ಎಂದು ನಮೂದಿಸಿದೆ. ಹೆಬ್ಬಾಳದ ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿಗೆ ಗಾಳಿ ಹೊಡೆದದ್ದಕ್ಕೆ ಇಂದಿಗೂ ಯಾರೂ ದುಡ್ಡು ತೆಗೆದುಕೊಂಡಿಲ್ಲ. ಒಟ್ಟು ಮೊತ್ತ ಬಳೆಯ ದುಡ್ಡಿನೊಳಗೇ ಕೂತಿತು. ಮಡಿಕೆಯಾಗದ ಹಾಳೆಯನ್ನು ಹಿಡಿದುಕೊಂಡು ಕ್ಲಬ್ಬಿಗೆ ಹೋಗಿ ಕೋಚ್ ಪ್ರಶಾಂತನ ಮುಂದೆ ಇಟ್ಟೆ.

ಪ್ರಶಾಂತ ಒಳ್ಳೆಯ ಮನುಷ್ಯ. ನಗಬಾರದೆಂದು ಪ್ರಯತ್ನಪಟ್ಟ. "ಸಾರ್, ಬಂಕಲ್ಲಿ ಹೊಡೆಯೋ ಗಾಳಿ ಇದಕ್ಕೆ ಮೂಗಿಗೂ ಸಾಲಲ್ಲ. ಇದರ ಸಿಲಿಂಡರ್ ತುಂಬಿಸೋಕೇ ಬೇರೆ ಮಿಷಿನ್ ಇದೆ. ಅದಿರ್ಲಿ, ಜಾಕೆಟ್ ಎಲ್ಲಿ ಬರ್ದಿದೀರಿ?" ಎಂದ. ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಅಂಥ ಚಳಿಯೇನಿರುತ್ತದೆ ಎಂದೆ. ಅವನು ಒಳಗಿನಿಂದ ಒಂದು ಜಾಕೆಟ್ ತಂದು ನೆಲದ ಮೇಲಿಟ್ಟ. ಅದು ಯಾರ ಸಹಾಯವೂ ಇಲ್ಲದೆ ತಾನೇ ನಿಂತುಕೊಂಡಿತು. ಗುರಿ ಹಿಡಿದಾಗ ಮೈ ಅಲುಗದಂತೆ ಬಿಗಿಹಿಡಿಯುವ ದಪ್ಪ ಕ್ಯಾನ್ವಾಸಿನ ಅಂಗಿಯಂತೆ. ಅವರವರ ಅಳತೆಗೇ ಹೊಲಿಸಬೇಕಂತೆ. ಅದಕ್ಕೆ ಜೊತೆಯಾಗಿ ಅದೇ ಜಾತಿಯ ಪ್ಯಾಂಟು. ಪ್ಯಾಂಟಿಗೆ ಜೊತೆಯಾಗಿ, ಮಡಚದ ಅಟ್ಟೆಯ ಬೂಟು. ಒಂದು ಕೈಗೆ ಮಾತ್ರ ಗವುಸು. ಒಂದೇ ಕೈಗಾದರೂ ಬೆಲೆಯೇನೂ ಅರ್ಧವಲ್ಲ. "ಇದೆಲ್ಲ ಇಲ್ದೆ ಗನ್ ತಗೊಂಡ್ರೆ ಏನ್ ಪ್ರಯೋಜನ ಹೇಳಿ ಸಾರ್," ಎಂದು ಪ್ರಶಾಂತ ಕೇಳಿದ. ಬಾಯಲ್ಲೇ ಢಂ ಎನ್ನಬಹುದು ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಗಿರಿಜಾ ಆ ಜಾಕೆಟ್ಟಿನ ತೋಳನ್ನು ಬಳೆಯಂಗಡಿಯಲ್ಲಿ ಎಂದೂ ಕಾಣದ ಆಸೆಯಿಂದ ಸವರುತ್ತಿದ್ದಳು. ನಾನು ಜೇಬಿನಿಂದ ಪೆನ್ನು ತೆಗೆದೆ.

ಬಂದೂಕು ಬಂದ ಮೇಲೆ ಅದನ್ನು ಇಡಲು ಬೀಗದ ಬೀರು ಬೇಕಾಯಿತು. ಗಂಗಾನಗರದಲ್ಲಿ ಸ್ಟೀಲ್ ಬೀರುವಿನ ಅಂಗಡಿ ಇಟ್ಟಿರುವ ಖಾದರ್ ಸಾಹೇಬರು ನಮ್ಮ ಪಕ್ಕದ ಮನೆಯವರೇ. "ಅಕ್ಕನ ಬಂದೂಕಿಗೆ ಅಂದ್ರೆ ಗಟ್ಟಿ ಮಾಲೇ ಕೊಡ್ಬೇಕು ಸಾರ್. ರಿಯಾಯಿತಿ ಕೇಳ್ಬೇಡಿ, ಅಕ್ಕನ ಮರ್ಯಾದೆ ಪ್ರಶ್ನೆ," ಎಂದರು. ಅಕ್ಕನ ಮರ್ಯಾದೆಗಾಗಿ ಪೂರ್ತಿ ಬೆಲೆ ಕೊಟ್ಟೆ. ಅವರ ಬಾಯಿಂದ ಸುದ್ದಿ ಬೀದಿಗೆಲ್ಲ ಹರಡಿತು. ಇದಕ್ಕೆ ಲೈಸೆನ್ಸ್ ಬೇಕಿಲ್ಲ, ಕಾಗದದ ಗುರಿಗೆ ಸಣ್ಣ ತೂತು ಮಾಡುವ ಆಟದ ಸಾಮಾನು ಇದು ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಒಂದು ಲಾಭವನ್ನು ಮಾತ್ರ ನಾನು ಒಪ್ಪಿಕೊಳ್ಳಬೇಕು. ವರ್ಷಾನುಗಟ್ಟಲೆ ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಿದ್ದ ಎದುರು ಮನೆಯವರು ಅಂದಿನಿಂದ ಇಡೀ ಬೀದಿ ಸುತ್ತಿ ಬೇರೆ ಕಡೆ ನಿಲ್ಲಿಸತೊಡಗಿದರು. ಗುಪ್ತ ಖರ್ಚಿನಂತೆ ಗುಪ್ತ ಆದಾಯವೂ ಇರುತ್ತದೆಂದು ಬರೆದುಕೊಂಡೆ.

ಅಷ್ಟರಲ್ಲಿ ದಸರಾ ಬಂತು. ವಿಜಯದಶಮಿಯ ಬೆಳಿಗ್ಗೆ ಕ್ಲಬ್ಬಿನಲ್ಲಿ ಪಂದ್ಯ. ಹಿರಿಯರ ವಿಭಾಗದ ಮೊದಲ ಮೂವರು ಮೈಸೂರಿನ ದೊಡ್ಡ ಪಂದ್ಯಕ್ಕೆ ಹೋಗುವವರು. ಗಿರಿಜಾ ಅಂದು ತಪ್ಪಿಹೋದ ಶಿಬಿರಕ್ಕೆ ಈಗ ಹೊರಟವಳ ಹಾಗೆ ವಾರವಿಡೀ ಮನೆಯಲ್ಲಿ ಗೋಡೆಯನ್ನೇ ದಿಟ್ಟಿಸುತ್ತ ನಿಲ್ಲುವ ಅಭ್ಯಾಸ ಮಾಡಿದಳು. ಪಂದ್ಯದ ಹಿಂದಿನ ದಿನ ಆಯುಧಪೂಜೆ. ಇನ್ನು ಆಯುಧಪೂಜೆಯ ವಿಷಯಕ್ಕೆ ಬಂದರೆ, ನಮ್ಮ ಕಾರ್ಖಾನೆಯಲ್ಲಿ ಅದು ನನ್ನ ಜವಾಬ್ದಾರಿ. ಲೇತಿನಿಂದ ಹಿಡಿದು ಕ್ಯಾಂಟೀನಿನ ಗ್ರೈಂಡರಿನ ತನಕ ಗಂಧ, ಕುಂಕುಮ, ಚೆಂಡುಹೂವು ಏರಿಸುವುದರಲ್ಲಿ ನನ್ನ ಕೈ ಪಳಗಿದೆ. ಇಷ್ಟು ವರ್ಷ ಮನೆಯಲ್ಲಿ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳಿಗೆ ಪೂಜೆ ಮಾಡಿ ತೃಪ್ತಿಪಟ್ಟವನಿಗೆ ಮೊದಲ ಸಲ ನಿಜವಾದ ಆಯುಧವೊಂದು ಸಿಕ್ಕಿತ್ತು. ಗಿರಿಜಾ ಒಳಗೆ ಹೋಳಿಗೆ ಬೇಯಿಸುತ್ತಿದ್ದಾಗ, ಬಂದೂಕನ್ನು ಮಣೆಯ ಮೇಲೆ ಮಲಗಿಸಿ, ಕೈ ಹೋದಷ್ಟು ದೂರ ಗಂಧ ಹಚ್ಚಿ, ಎದ್ದು ಕಂಡ ಕಡೆಯಲ್ಲೆಲ್ಲ ಕುಂಕುಮವಿಟ್ಟೆ. ಗೇಟಿನ ಮುಂದೆ ಬೂದುಗುಂಬಳ ಒಡೆದೆ. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟಬಾರದಾದ್ದರಿಂದ ರಾತ್ರಿ ಅದು ಹಾಗೆಯೇ ಇತ್ತು.

ಬೆಳಿಗ್ಗೆ ಮರುಪೂಜೆ ಮುಗಿಸಿ, ಗಿರಿಜಾ ಆ ಜಾಕೆಟ್ಟಿನೊಳಗೆ ಇಳಿಯುವ ಹೋರಾಟದಲ್ಲಿದ್ದಾಗ, ಅವಳಿಗೆ ತಡವಾಗದಿರಲೆಂದು ಬಂದೂಕನ್ನು ನಾನೇ ಒರೆಸಿದೆ. ಹಿಂದೆ, ಕಣ್ಣಿಡುವ ಕಿಂಡಿಯ ಹತ್ತಿರ, ಎರಡು ಪುಟ್ಟ ತಿರುಪುಗಳಿದ್ದವು. ನನ್ನ ಕುಂಕುಮ ಅವುಗಳ ಗೀರುಗಳಲ್ಲೆಲ್ಲ ಹೊಕ್ಕಿತ್ತು. ಒದ್ದೆ ಬಟ್ಟೆಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ಒರೆಸಿದೆ. ಒಳ್ಳೆಯ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ 'ಟಿಕ್ ಟಿಕ್' ಎಂದು ಇಂಪಾಗಿ ಸದ್ದು ಮಾಡಿದವು. ಸದ್ದು ಹಿತವಾಗಿದೆಯೆಂದು ಇನ್ನೂ ನಾಲ್ಕು ಸುತ್ತು ಹೆಚ್ಚಿಗೇ ಒರೆಸಿದೆ.

ಕ್ಲಬ್ಬಿನಲ್ಲಿ ಸ್ಪರ್ಧಿಗಳ ಹಿಂದೆ ನಮಗೆಲ್ಲ ಪ್ಲಾಸ್ಟಿಕ್ ಕುರ್ಚಿ. ಒಬ್ಬೊಬ್ಬರ ಪಕ್ಕದಲ್ಲೂ ಗುಂಡು ಎಲ್ಲಿ ಬಿತ್ತೆಂದು ತೋರಿಸುವ ಸಣ್ಣ ಪರದೆ. ಲೆಕ್ಕಕ್ಕೆ ಹೊಡೆಯುವ ಮುಂಚೆ ಪರೀಕ್ಷೆಗೆಂದು ಸ್ವಲ್ಪ ಸಮಯ ಕೊಡುತ್ತಾರೆ. ಗಿರಿಜಾ ಉಸಿರು ಬಿಗಿಹಿಡಿದು ಮೊದಲ ಗುಂಡು ಹೊಡೆದಳು. ಪರದೆಯ ಎಡ ಮೂಲೆಯಲ್ಲಿ, ಕಪ್ಪು ವೃತ್ತದಿಂದ ಎಷ್ಟೋ ಆಚೆ ಚುಕ್ಕೆ ಬಿತ್ತು. ಎರಡನೆಯದೂ ಅಲ್ಲೇ. ಮೂರನೆಯದು ಇನ್ನೂ ಆಚೆ. "ಏನಾಯ್ತು ಮೇಡಂಗೆ? ಮೊನ್ನೆ ತಾನೇ ಸೈಟ್ ನೀಟಾಗಿ ಸೆಟ್ ಮಾಡಿದ್ವಿ," ಎಂದು ಪ್ರಶಾಂತ ಗೊಣಗಿದ. ಸೈಟ್ ಎಂದರೇನೆಂದು ನಾನು ಮೆತ್ತಗೆ ಕೇಳಿದೆ. "ಅದೇ ಸಾರ್, ಹಿಂದ್ಗಡೆ ಎರಡು ತಿರುಪು ಇರುತ್ತಲ್ಲ. ಒಂದು ಮೇಲೆ ಕೆಳಗೆ, ಒಂದು ಎಡ ಬಲ. ಒಂದು ಟಿಕ್ ಆಚೀಚೆ ಆದ್ರೂ ಗುರಿ ಹೋಯ್ತು," ಎಂದ.

ಎಷ್ಟು ಟಿಕ್ ಆಗಿದ್ದವೋ ಆ ಚಾಮುಂಡಿಗೇ ಗೊತ್ತು. ಗಿರಿಜಾ ಬಂದೂಕನ್ನು ಕೆಳಗಿಳಿಸಿ ತಿರುಪನ್ನು ನೋಡಿದಳು. ಅದರ ಗೀರಿನಲ್ಲಿ ನಾನು ಬಿಟ್ಟ ಚೂರು ಕುಂಕುಮ ಇನ್ನೂ ಇದ್ದಿರಬೇಕು. ಕತ್ತು ತಿರುಗಿಸಿ ನನ್ನನ್ನೊಮ್ಮೆ ನೋಡಿದಳು. ಅಷ್ಟು ಜನರ ನಡುವೆ, ಅವಳ ಕೈಯಲ್ಲಿ ಬಂದೂಕಿರುವಾಗ, ಆ ನೋಟವನ್ನು ಎದುರಿಸಿದ ಗಂಡಸು ನಾನು. ನನ್ನ ಜೀವನದಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ. ಒಂದು ಸಲ ಅಪ್ಪ ತಡೆದರು, ಈ ಸಲ ಗಂಡ ಕೆಡಿಸಿದ ಎಂದಾಗಿಬಿಟ್ಟರೆ ಏನು ಗತಿ? ಆಡಿಟ್ಟಿನ ದಿನಗಳಲ್ಲೂ ನೆನೆಯದ ದೇವರನ್ನೆಲ್ಲ ನೆನೆದೆ.

ಅವಳು ಮಾತ್ರ ಗಣಿತದ ಮೇಷ್ಟ್ರು. ಚುಕ್ಕೆ ಬಿದ್ದ ದೂರವನ್ನು ಕಣ್ಣಲ್ಲೇ ಅಳೆದಳು, ತುಟಿ ಅಲುಗಿಸಿ ಏನೋ ಲೆಕ್ಕ ಹಾಕಿದಳು, ಒಂದು ತಿರುಪನ್ನು ಇಷ್ಟು, ಇನ್ನೊಂದನ್ನು ಅಷ್ಟು ತಿರುಗಿಸಿದಳು. ಹೊಡೆದಳು, ಮತ್ತೆ ತಿರುಗಿಸಿದಳು. ಹೆಸರು ಹಿಡಿದು ಕರೆದ ಕರುವಿನಂತೆ ಚುಕ್ಕೆ ನಿಧಾನವಾಗಿ ನಡುವಿಗೆ ಬಂತು. ಅಷ್ಟರಲ್ಲಿ ಪರೀಕ್ಷೆಯ ಸಮಯ ಮುಗಿಯಿತು. ಉಳಿದವರು ಕೈ ಪಳಗಿಸಿಕೊಂಡು ಆಟಕ್ಕಿಳಿದಿದ್ದರು. ಇವಳು ನನ್ನ ಭಕ್ತಿಯನ್ನು ರಿಪೇರಿ ಮಾಡಿ ಇಳಿದಳು. ಮೊದಮೊದಲು ಹಿಂದೆ ಬಿದ್ದಳು. ಆಮೇಲೆ ಆ ಗಟ್ಟಿ ಅಂಗಿಯೊಳಗೆ ಕಲ್ಲಿನ ಹಾಗೆ ನಿಂತು, ಗುಂಡಿಗೆ ಹತ್ತಕ್ಕೆ ಹತ್ತು ಅಂಕದಂತೆ ಹೊಡೆಯುತ್ತ ಹೋದಳು. ಕೊನೆಗೆ ಮೂರನೆಯ ಸ್ಥಾನದಲ್ಲಿ ಅವಳ ಹೆಸರು ಓದಿದಾಗ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ಆ ಜಾಕೆಟ್ಟಿನ ಒಂದೊಂದು ರೂಪಾಯಿಯೂ ನನಗೆ ಅಂದು ಸಾರ್ಥಕವೆನಿಸಿತು.

ದಾರಿಯಲ್ಲಿ ಅವಳು ಬೈಯಲಿಲ್ಲ. ಅದೇ ನನಗೆ ಹೆದರಿಕೆ. ಮಧ್ಯಾಹ್ನ ಊಟವಾದ ಮೇಲೆ ನನ್ನ ಬಜೆಟ್ಟಿನ ಹಾಳೆಯನ್ನು ಮತ್ತೆ ಹರಡಿ, ಮೈಸೂರಿನ ಬಸ್ಸು, ರೂಮು, ಊಟ ಎಂದು ಸೇರಿಸುತ್ತ ಕೂತೆ. ಗಾಳಿಯಿಂದ ಬೀರುವಿನ ತನಕ ಎಲ್ಲ ಗುಪ್ತ ಖರ್ಚುಗಳೂ ಈಗ ಹಾಳೆಯ ಮೇಲಿದ್ದವು. ಅವಳಿಗೆ ಎಲ್ಲಕ್ಕಿಂತ ದುಬಾರಿಯಾಗಿ ಬಿದ್ದದ್ದು ಹಾಳೆಯ ಮೇಲೆ ಇರಲಿಲ್ಲ. ಅದು ಪೆನ್ನು ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿತ್ತು.

ಸಂಜೆ ಅವರ ಊರಿನ ಪದ್ಧತಿಯಂತೆ ಬನ್ನಿ ಎಲೆ ಕೊಡುವ ಹೊತ್ತಾಯಿತು. ಬನ್ನಿ ಎಂದರೆ ಅಂದು ಬಂಗಾರ. ಬಳೆಯ ದುಡ್ಡು ತೀರಿಹೋದ ಈ ವರ್ಷ ನಾನು ಅವಳಿಗೆ ಕೊಟ್ಟ ಬಂಗಾರ ಆ ಎರಡು ಎಲೆ ಮಾತ್ರ. ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ನನ್ನ ಅಂಗೈಯಲ್ಲೂ ಎರಡು ಎಲೆ ಇಟ್ಟು, ಹಾವೇರಿಯವರು ಹೇಳುವ ಹಾಗೆಯೇ ಹೇಳಿದಳು: "ಬಂಗಾರ ತಗೋರಿ, ಬಂಗಾರದಂಗ ಇರ್ರಿ."

ಕ್ಷಮೆ ಸಿಕ್ಕಿತೆಂದು ನಾನು ಉಬ್ಬಿದೆ. ಅವಳು ಬೀರುವಿನ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಮಾತು ಮುಗಿಸಿದಳು: "ಬಂಗಾರ ಹೆಂಗಿರತೈತಿ ಗೊತ್ತಲ್ರೀ? ಇಟ್ಟಲ್ಲೆ ಸುಮ್ಮನ ಇರತೈತಿ. ಏನನ್ನೂ ಮುಟ್ಟಂಗಿಲ್ಲ."