ಕಿವಿ ಡಾಕ್ಟರು ಹಿಡಿದ ಕಟಕಟ

ಶಬ್ದದ ವಿಷಯದಲ್ಲಿ ತಮ್ಮನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂಬುದು ಕಿವಿ ಡಾಕ್ಟರ ಗಟ್ಟಿ ನಂಬಿಕೆ. ಇಪ್ಪತ್ತೆರಡು ವರ್ಷ ಊರಿಗೆ ಊರೇ ಅವರ ಮುಂದೆ ಕಿವಿಯೊಡ್ಡಿ ಕೂತಿತ್ತು. ಹೀಗಾಗಿ ಭಾನುವಾರ ಬೆಳಿಗ್ಗೆ ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಾರಿನ ಮುಂಭಾಗದಲ್ಲಿ 'ಕಟಕ್ ಕಟಕ್' ಎಂದಾಗ ಅವರಿಗೆ ಚಿಂತೆಯ ಬದಲು ಹುರುಪು ಬಂತು.

"ಮೆಕ್ಯಾನಿಕ್‌ನ ಕರೀರಿ," ಎಂದು ಹೆಂಡತಿ ಎರಡು ಸಲ ಹೇಳಬೇಕಾಯಿತು.

"ಅವನ ಕಿವಿಗೇ ಡಾಕ್ಟ್ರು ನಾನು. ಶಬ್ದ ಹುಡುಕೋಕೆ ಅವನು ಬೇಕಾ?"

"ನಾಳೆ ಒಂಬತ್ತಕ್ಕೆ ನನ್ನ ಇಂಟರ್‌ವ್ಯೂ ಕಣ್ರೀ. ಮೂರು ಗಂಟೆ ದಾರಿ. ಅಷ್ಟು ಹೊತ್ತಿಗೆ ಮುಟ್ಟೋ ಬಸ್ಸಿಲ್ಲ. ಕಾರು ಕೈಕೊಟ್ರೆ ನನ್ನ ಕತೆ ಮುಗೀತು."

ಹದಿನಾರು ವರ್ಷ ಗ್ರಂಥಾಲಯದ ಸಹಾಯಕಿಯಾಗಿಯೇ ಸವೆದವಳು ಅವಳು. ಬೇರೆ ಊರಿನ ದೊಡ್ಡ ಗ್ರಂಥಾಲಯದವರು ಮುಖ್ಯಸ್ಥೆಯ ಹುದ್ದೆಗೆ ಕರೆದ ದಿನದಿಂದ ಅವಳ ನಡಿಗೆಯೇ ಬದಲಾಗಿತ್ತು. ಕೆಲಸ ಸಿಕ್ಕರೆ ವಾರಕ್ಕೊಮ್ಮೆ ಬಂದುಹೋಗುತ್ತಾಳೆ ಎಂದು ಡಾಕ್ಟರು ಮನಸ್ಸಿನಲ್ಲೇ ಏರ್ಪಾಡು ಮಾಡಿ ಮುಗಿಸಿದ್ದರು.

ತಪಾಸಣೆ ಶುರುವಾಯಿತು. ಹೆಂಡತಿ ಖಾಲಿ ಬೀದಿಯಲ್ಲಿ ಕಾರನ್ನು ಸುತ್ತು ಹೊಡೆಸಿದಳು. ಪಕ್ಷಪಾತ ಆಗಬಾರದೆಂದು ಡಾಕ್ಟರು ಹಿಂದಿನ ಸೀಟಿನ ನಟ್ಟನಡುವೆ ಕಣ್ಣು ಮುಚ್ಚಿ ಕೂತರು.

"ಬಲಗಡೆ ಚಕ್ರ," ಎಂದು ತೀರ್ಪು ಕೊಟ್ಟರು.

"ನನಗೆ ಎಡಗಡೆಯಿಂದ ಕೇಳಿಸ್ತಿದೆ."

"ಲೈಬ್ರರೀಲಿ ಕೂತು ಕೂತು ನಿನಗೆ ಶಬ್ದದ ಪರಿಚಯವೇ ತಪ್ಪಿಹೋಗಿದೆ."

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಬಿಚ್ಚಿದ ಬಲಚಕ್ರವೂ ಅದರ ಬಂಧುಬಳಗವೂ ಕ್ಲಿನಿಕ್ಕಿನ ಸ್ಟೀಲ್ ಟ್ರೇಗಳಲ್ಲಿ ಮಲಗಿದ್ದವು. ರೋಗ ಸಿಗಲಿಲ್ಲ. ಮರಳಿ ಜೋಡಿಸಿದಾಗ ಎರಡು ಬೋಲ್ಟ್ ಉಳಿದವು.

"ಇವು?" ಎಂದಳು ಹೆಂಡತಿ.

"ಮನುಷ್ಯನ ದೇಹದಲ್ಲೂ ಬೇಡದ ಅಂಗ ಒಂದೆರಡು ಇರತ್ತೆ."

ಅವಳು ನೇರ ಹೋಗಿ ಮೆಕ್ಯಾನಿಕ್ಕನ್ನು ಕರೆತಂದಳು. ಅವನು ಬೇಡದ ಅಂಗಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಒಂದು ಸುತ್ತು ಓಡಿಸಿ, ಎಡಚಕ್ರದ ಹಿಂದೆ ತೂರಿ ಹೊರಬಂದ.

"ಎಡಗಡೆ ಆಕ್ಸಲ್ ಜಾಯಿಂಟ್ ಅಕ್ಕಾ. ರಬ್ಬರ್ ಹರಿದು ಗ್ರೀಸೆಲ್ಲ ಸೋರಿಹೋಗಿದೆ. ಸಂಜೆಯೊಳಗೆ ಬೇರೆ ಹಾಕ್ತೀನಿ."

"ಬಲಗಡೆ," ಎಂದರು ಡಾಕ್ಟರು, ಪಟ್ಟು ಬಿಡದೆ.

ಮೆಕ್ಯಾನಿಕ್ ಕೈಯೊರೆಸಿಕೊಂಡು ಅವರ ಮುಂದೆ ಬಂದು ನಿಂತ. "ಕಣ್ಮುಚ್ಚಿ ಡಾಕ್ಟ್ರೇ. ಹೋದ ತಿಂಗಳು ನೀವು ನನಗೆ ಮಾಡಿದ ಪರೀಕ್ಷೆನೇ." ಕೀ ಗೊಂಚಲು ಅಲ್ಲಾಡಿಸಿದ. "ಯಾವ ಕಡೆ?"

"ಬಲಗಡೆ."

"ಈಗ?"

"ಬಲಗಡೆ. ಎಷ್ಟು ಸಲ ಅಲ್ಲೇ ಆಡಿಸ್ತೀಯಪ್ಪ?"

ಕಣ್ಣು ಬಿಟ್ಟರೆ ಗೊಂಚಲು ಎಡಗಿವಿಯ ಪಕ್ಕದಲ್ಲಿ ತೂಗುತ್ತಿತ್ತು. ಮೆಕ್ಯಾನಿಕ್ ಟಾರ್ಚ್ ಹಾಕಿ ಕಿವಿಯೊಳಗೆ ಇಣುಕಿದ. "ಅಕ್ಕಾ, ಗಾಡಿಯಿಂದ ಸೋರಿದ ಗ್ರೀಸೆಲ್ಲ ಇಲ್ಲಿದೆ ನೋಡಿ."

ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ರೋಗಿಗಳು ಕೂರುವ ಕುರ್ಚಿಯಲ್ಲಿ ಡಾಕ್ಟರು ಕೂತರು. ಅವರು ಹೇಳಿಕೊಟ್ಟಂತೆ ಹೆಂಡತಿ ಪಿಚಕಾರಿಯಲ್ಲಿ ಉಗುರುಬೆಚ್ಚನೆಯ ನೀರು ಬಿಟ್ಟಳು. ಗುಗ್ಗೆ ಹೊರಬಿತ್ತು. ಎಡಗಡೆಯ ಲೋಕ ಒಮ್ಮೆಲೇ ಮಾತಾಡತೊಡಗಿತು.

"ಎಷ್ಟು ದಿನದಿಂದ ಹೀಗಿತ್ತು?"

"ಈ ಗುಗ್ಗೆ ನೋಡಿದ್ರೆ ಐದಾರು ತಿಂಗಳಾಗಿರಬೇಕು."

ಹೆಂಡತಿಯ ಮುಖ ಸಣ್ಣದಾಯಿತು. "ಅರ್ಜಿ ಹಾಕೋಕೆ ಮುಂಚೆ ಕಾರಲ್ಲಿ ಕೇಳಿದ್ದೆ. ಈ ಕೆಲಸ ಸಿಕ್ರೆ ಕ್ಲಿನಿಕ್ಕನ್ನೂ ಅಲ್ಲಿಗೇ ಸಾಗಿಸ್ತೀರಾ, ಇಬ್ಬರೂ ಅಲ್ಲೇ ಇರೋಣ್ವಾ ಅಂತ. ಹೂಂ ಅಂದ್ರಿ. ಅದನ್ನ ನಂಬ್ಕೊಂಡೇ ಅರ್ಜಿ ಹಾಕಿದ್ದು. ಅದು... ಕೇಳಿಸಿತ್ತಾ?"

ಕೇಳಿಸಿರಲಿಲ್ಲ. ಡ್ರೈವರ್ ಸೀಟಿನ ಎಡಕ್ಕೆ ಕೂತು ಅವಳು ಆಡಿದ ಎಷ್ಟು ಮಾತುಗಳಿಗೆ ತಾವು ಹೀಗೆ ಸುಮ್ಮನೆ ಹೂಂಗುಟ್ಟಿರಬಹುದು ಎಂದು ನೆನೆದು ಡಾಕ್ಟರಿಗೆ ನಿಜಕ್ಕೂ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದ ಕ್ಲಿನಿಕ್ಕನ್ನು ಒಮ್ಮೆ ಸುತ್ತ ನೋಡಿದರು.

"ಇನ್ನೊಂದ್ಸಲ ಕೇಳು," ಎಂದರು.

ಅವಳು ಎಡಗಿವಿಯ ಹತ್ತಿರ ಬಗ್ಗಿ, ಗ್ರಂಥಾಲಯದ ಮೆಲುದನಿಯಲ್ಲಿ ಮತ್ತೆ ಕೇಳಿದಳು. ಪ್ರತಿ ಅಕ್ಷರವೂ ಕೇಳಿಸಿತು. ಡಾಕ್ಟರು ಎದ್ದು ಬಾಗಿಲಿಗೆ ಹೋಗಿ, ಕಾರಿನ ಕೆಳಗಿದ್ದ ಮೆಕ್ಯಾನಿಕ್ಕನ್ನು ಕೂಗಿದರು.

"ಈ ಕ್ಲಿನಿಕ್ ಬೋರ್ಡ್ ಬಿಚ್ಚೋಕೆ ಯಾವ ನಂಬರ್ ಸ್ಪ್ಯಾನರ್ ಬೇಕಪ್ಪಾ?"

"ಮೊದಲು ಕೆಲಸ ಸಿಗ್ಲಿ ಕಣ್ರೀ," ಎಂದಳು ಹೆಂಡತಿ, ಕಣ್ಣೊರೆಸಿಕೊಂಡು ನಗುತ್ತ.

ಕಾರಿನ ಕೆಳಗಿನಿಂದ ಗಾಬರಿಯ ದನಿ ಬಂತು: "ಡಾಕ್ಟ್ರೇ, ಯಾವ ಊರಿಗೆ ಬೇಕಾದ್ರೂ ಹೋಗಿ. ಬಿಚ್ಚೋ ಕೆಲಸ ಮಾತ್ರ ನನಗೆ ಬಿಡಿ."